ಮ್ಯೂರಿಯಲ್ ತೋರಿಸುತ್ತಿದ್ದ ದಾರಿ

ಇಂಗ್ಲೆಂಡಿನ ನಮ್ಮ ನ್ಯೂಕಾಸಲಿನಲ್ಲಿ ಭಾನುವಾರ ಟೈನ್ ನದಿಯ ದಂಡೆಯ ಮೇಲೆ ಸಂತೆ ನೆರೆಯುತ್ತದೆ. ಅಲ್ಲಿ ದೊಡ್ಡ ಸೇತುವೆಯ ಕೆಳಗೆ ಹಳದಿ ಕೋಟು ತೊಟ್ಟು ನಿಲ್ಲುತ್ತಿದ್ದವಳು ನನ್ನ ಗೆಳತಿ ಮ್ಯೂರಿಯಲ್ ಸ್ಟಾಬ್ಸ್. ಹೊಸಬರಿಗೆ ದಾರಿ ಹೇಳುವುದು, ಊರಿನ ರೀತಿ ತಿಳಿಸುವುದು ಅವಳ ಕೆಲಸ. ಸಂಬಳವಿಲ್ಲ, ಆ ಕೋಟು, ಎದೆಯ ಮೇಲೊಂದು ಬಿಲ್ಲೆ, ಅಷ್ಟೆ. ಹರೆಯದಿಂದಲೂ ಬಸ್ಸಿನಲ್ಲಿ ದುಡಿದವಳು, ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಇದಕ್ಕೆ ಬಂದಳು. ಪಕ್ಕದಲ್ಲೇ ನನ್ನ ಅಂಗಡಿ. ದಪ್ಪ ಬ್ರೆಡ್ಡು ಸೀಳಿ, ಹಂದಿಮಾಂಸ, ಬಟಾಣಿ ಮುದ್ದೆ ತುಂಬಿ ಕೊಡುತ್ತೇನೆ. ತಿಂದವರು ಮತ್ತೆ ಬರುತ್ತಾರೆ, ಬಾರದಿದ್ದರೆ ಅದು ಅವರ ಹಣೆಬರಹ.

ಅವಳ ಬಾಯಿ ಕೇಳಬೇಕಿತ್ತು ನೀವು.

"ಬಾ ಚಿನ್ನಾ, ಎಲ್ಲಿಗೆ ಹೋಗ್ಬೇಕು? ಅಯ್ಯಯ್ಯೋ, ಈ ಕೆಂಪು-ಬಿಳಿ ಪಟ್ಟೆ ಶರ್ಟ್ ಹಾಕ್ಕೊಂಡು ಊರೊಳಗೆ ಹೊರಟ್ಯಾ? ಇವತ್ತು ಫುಟ್‌ಬಾಲ್ ಮ್ಯಾಚ್ ಇದೆ ಕಣಪ್ಪಾ! ಅದು ಪಕ್ಕದೂರಿನ ತಂಡದೋರ ಬಣ್ಣ. ಮೇಲೊಂದು ಸ್ವೆಟರ್ ಏರಿಸ್ಕೋ, ಮೂಗು ನೆಟ್ಟಗೆ ಉಳಿಯುತ್ತೆ." ಸೇತುವೆಯ ಸಂದಿಗಳಲ್ಲಿ ಗೂಡು ಕಟ್ಟಿದ ಕಡಲಹಕ್ಕಿಗಳು ಯಾರ ತಲೆಯ ಮೇಲಾದರೂ ಹಿಕ್ಕೆ ಹಾಕಿದರೆ ತಾನೇ ಕರವಸ್ತ್ರ ಹಿಡಿದು ಓಡುತ್ತಿದ್ದಳು. "ಬೈಬೇಡಿ, ಬೈಬೇಡಿ. ಅವು ನಮಗಿಂತ ಹಳೇ ಬಾಡಿಗೆದಾರರು!"

ಇನ್ನು ದಾರಿ ಹೇಳುವ ವಿಷಯ. ನಮ್ಮೂರಿನವರಾದ ನಾವು ಈಗ ಇರುವುದನ್ನು ಗುರುತಾಗಿ ಹೇಳುವುದಿಲ್ಲ, ಹಿಂದೆ ಇದ್ದದ್ದನ್ನು ಹೇಳುತ್ತೇವೆ. "ಹಗ್ಗದ ಕಾರ್ಖಾನೆ ಹತ್ರ ಎಡಕ್ಕೆ ತಿರುಗಿ, ಜವಳಿ ಅಂಗಡಿ ದಾಟಿ, ಸ್ನಾನದ ಮನೆ ಎದುರಿಗೆ." ಹಗ್ಗದ ಕಾರ್ಖಾನೆ ಕೆಡವಿ ಒಂದು ತಲೆಮಾರೇ ಆಗಿದೆ. ಜವಳಿ ಅಂಗಡಿ ಈಗ ವ್ಯಾಯಾಮ ಶಾಲೆ. ಊರವರೆಲ್ಲ ಮೀಯುತ್ತಿದ್ದ ಸ್ನಾನದ ಮನೆಯ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಆದರೂ ನಾನು ಹಾಗೆಯೇ ಹೇಳುತ್ತೇನೆ, ಚಹಾ ಗಾಡಿಯ ರೆಗ್ ಹಾಗೆಯೇ ಹೇಳುತ್ತಾನೆ. ಹೊಸಬರು ಕಣ್ಣು ಕಣ್ಣು ಬಿಟ್ಟರೆ ನಮಗೆ ನಗು. ಬಂದವರು ನಮ್ಮೂರನ್ನು ಕಲಿಯಲಿ, ನಾವೇಕೆ ಬದಲಾಗಬೇಕು!

ಈ ಅಭ್ಯಾಸವೇ ಮ್ಯೂರಿಯಲ್‌ಳ ಕಾಯಿಲೆಯನ್ನು ಮುಚ್ಚಿಟ್ಟಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಮೊದಲು ಗುರುತಿಸಿದವಳು ಅವಳ ಮಗಳು ಲೋರ್ನಾ. ನದಿಯ ಮೇಲ್ಭಾಗದ ಹೆಕ್ಸಮ್ ಎಂಬ ಪುಟ್ಟ ಊರಿನಲ್ಲಿ ಅವಳ ಮನೆ. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ನನ್ನ ಅಂಗಡಿಯ ಮುಂದೆ ಬಂದು ನಿಂತಳು.

"ಥೆಲ್ಮಾ ಆಂಟಿ, ಅಮ್ಮನಿಗೆ ಏನೋ ಆಗಿದೆ. ಜವಳಿ ಅಂಗಡಿ ಹತ್ರ ಸಿಗ್ತೀನಿ ಅಂದಿದ್ಲು. ಹೋಗಿ ನೋಡಿದ್ರೆ ಆ ವ್ಯಾಯಾಮ ಶಾಲೆಯೊಳಗೆ ನಿಂತು ಪರದೆ ಬಟ್ಟೆ ತೋರಿಸಿ ಅಂತ ಕೇಳ್ತಿದ್ಲು."

"ತಮಾಷೆ ಮಾಡಿರ್ತಾಳೆ. ನಿಮ್ಮಮ್ಮನ್ನ ನಿನಗಿಂತ ಮುಂಚಿಂದ ಬಲ್ಲೆ ನಾನು."

"ತಮಾಷೆ ಅಲ್ಲ ಆಂಟಿ. ನಾನು ಅವಳನ್ನ ನಮ್ಮನೆಗೇ ಕರ್ಕೊಂಡು ಹೋಗ್ತೀನಿ. ಒಬ್ಬಳನ್ನೇ ಬಿಡೋದು ಇನ್ನು ಆಗಲ್ಲ. ನೀವೂ ಒಂದು ಮಾತು ಹೇಳಿ, ನಿಮ್ಮ ಮಾತಾದ್ರೆ ಕೇಳ್ತಾಳೆ."

ಅಷ್ಟರಲ್ಲಿ ಮ್ಯೂರಿಯಲ್ ಬಂದಳು. "ಹೆಕ್ಸಮ್ಮಿಗಾ? ಅಲ್ಲಿ ದಾರಿ ತಪ್ಪೋಕೆ ಒಂದು ಬೀದಿಯಾದ್ರೂ ಇದ್ಯಾ? ಯಾರಿಗೆ ಏನಂತ ದಾರಿ ಹೇಳ್ಲಿ, ಕುರಿಗಳಿಗಾ? ಈ ದಂಡೆಯಿಂದ ನನ್ನ ಎಬ್ಬಿಸಿದ್ರೆ ನಾನು ಸತ್ತೇ ಹೋಗ್ತೀನಿ, ಗೊತ್ತಿರ್ಲಿ!" ಎಂದಳು. ರೆಗ್ ಚಪ್ಪಾಳೆ ಹೊಡೆದ. ನಾನು ಲೋರ್ನಾಳಿಗೆ, "ನೋಡಿದ್ಯಾ? ಈ ನಾಲಿಗೆ ಇರೋಳಿಗೆ ಯಾವ ಕಾಯಿಲೆಯಮ್ಮಾ?" ಎಂದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಮುಖ ಒರೆಸಿಕೊಂಡು ಹೊರಟುಹೋದಳು.

ವಸಂತದಲ್ಲಿ ಹಕ್ಕಿಗಳು ಮರಳಿದವು. ಸಂತೆ ತುಂಬಿ ತುಳುಕುತ್ತಿದ್ದ ಒಂದು ಮಧ್ಯಾಹ್ನ ನೋಡುತ್ತೇನೆ, ಸೇತುವೆಯ ಕೆಳಗೆ ಹಳದಿ ಕೋಟು ಇಲ್ಲ. ರೆಗ್‌ನನ್ನು ಕೇಳಿದೆ.

"ಪೋರ್ಚುಗಲ್ಲಿಂದ ಬಂದ ಗಂಡ-ಹೆಂಡ್ತಿ ಇದ್ರಲ್ಲ, ಅವರನ್ನ ಕರ್ಕೊಂಡು ಹೋದ್ಲು," ಎಂದು ಅವನು ನಕ್ಕ. "'ನಮ್ಮಮ್ಮನ ಮನೇಲಿ ಚಹಾ ಕುಡಿಸ್ತೀನಿ, ಒಳ್ಳೇ ಚಹಾ ಬೇಕು ಅಂದ್ರೆ ಅಲ್ಲಿಗೇ ಹೋಗ್ಬೇಕು, ಈ ರೆಗ್ ಮಾಡೋದು ಪಾತ್ರೆ ತೊಳೆದ ನೀರು' ಅಂತ ಬೇರೆ ಬೈದ್ಲು!"

ನನಗೆ ನಗು ಬರಲಿಲ್ಲ. ಮ್ಯೂರಿಯಲ್‌ಳ ತಾಯಿಯ ಶವಪೆಟ್ಟಿಗೆಯ ಹಿಂದೆ ನಾನೇ ನಡೆದಿದ್ದೆ, ಆಗ ಲೋರ್ನಾ ಇನ್ನೂ ಹುಟ್ಟಿರಲಿಲ್ಲ. ಅಂಗಡಿಯನ್ನು ರೆಗ್‌ಗೆ ಒಪ್ಪಿಸಿ ಟ್ಯಾಕ್ಸಿ ಹಿಡಿದೆ. ಎಲ್ಲಿಗೆ ಎಂದು ಡ್ರೈವರ್ ಕೇಳಿದಾಗ, "ಎಲ್ಸ್‌ವಿಕ್, ಗ್ಲೋವರ್ ಬೀದಿ" ಎಂದುಬಿಟ್ಟೆ.

"ಅಂಥ ಬೀದಿ ಯಾವುದೂ ಇಲ್ವಲ್ಲ ತಾಯಿ," ಎಂದ.

ಇರುವುದೆಲ್ಲಿಂದ? ನಾವಿಬ್ಬರೂ ಹುಟ್ಟಿ ಬೆಳೆದ ಬೀದಿ ಅದು. ನದಿಯ ಕಡೆಗೆ ಇಳಿಜಾರಾಗಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದ ಆ ಮನೆಗಳನ್ನು ಸಾಲುಸಾಲಾಗಿ ಕೆಡವಿ ಹಾಕಿದ್ದರು. ಈಗ ಅಲ್ಲಿರುವುದು ಬರೀ ಹುಲ್ಲು. ಡ್ರೈವರನಿಗೆ ನಾನೇ ದಾರಿ ತೋರಿಸಿದೆ.

ದೂರದಿಂದಲೇ ಹಳದಿ ಕೋಟು ಕಂಡಿತು. ಗಾಳಿ ಜೋರಾಗಿ ಬೀಸುತ್ತಿತ್ತು. ಮ್ಯೂರಿಯಲ್ ಹುಲ್ಲಿನ ನಡುವೆ ನಿಂತು ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಆ ಗಂಡ-ಹೆಂಡತಿ ಪಕ್ಕದಲ್ಲಿ ಮರ್ಯಾದೆಯಿಂದ ಕಾಯುತ್ತಿದ್ದರು. ಹೆಂಡತಿಯ ಕೈಯಲ್ಲೊಂದು ಹೂಗುಚ್ಛ. ಇಲ್ಲಿ ಯಾರ ಮನೆಗೂ ಬರಿಗೈಲಿ ಹೋಗಬಾರದು ಎಂದು ಮ್ಯೂರಿಯಲ್ಲೇ ಸಂತೆಯಲ್ಲಿ ಕೊಡಿಸಿದ್ದಳಂತೆ.

"ಎಷ್ಟು ಚೆನ್ನಾಗಿ ಹೇಳ್ತಾರೆ ಇವರು!" ಎಂದು ಆ ಹೆಂಗಸು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಬಾಗಿಲು, ಮೆಟ್ಟಿಲು, ಒಲೆ ಎಲ್ಲ ಕಣ್ಣಿಗೆ ಕಟ್ಟೋ ಹಾಗೆ. ಆದ್ರೆ ಆ ಮನೆಗೆ ಇನ್ನೆಷ್ಟು ದೂರ?"

ಹತ್ತಿರ ಹೋಗಿ ಮ್ಯೂರಿಯಲ್‌ಳ ತೋಳು ಹಿಡಿದೆ.

"ಬಂದ್ಯಾ ಥೆಲ್ಮಾ!" ಅವಳ ಮುಖ ಅರಳಿತು, ಮರುಕ್ಷಣ ಬಾಡಿತು. "ಬೀಗದ ಕೈ ಸಿಗ್ತಿಲ್ಲ ಕಣೆ. ಆಗಿಂದ ಕೂಗ್ತಿದ್ದೀನಿ, ಅಮ್ಮ ಬಾಗಿಲೇ ತೆಗೀತಿಲ್ಲ. ನನ್ಮೇಲೆ ಕೋಪಾನಾ? ಅತಿಥಿಗಳ ಮುಂದೆ ಹೀಗೆ ಮಾಡಬಹುದೇನೇ?"

ಜೀವನವಿಡೀ ಯಾರಿಗೂ ಬಗ್ಗದ ನನ್ನ ಬಾಯಿ ಅಲ್ಲಿ ಸುಳ್ಳು ಹೇಳಿತು. "ಕೋಪ ಯಾಕೆ, ಎಲ್ಲೋ ಹೊರಗೆ ಹೋಗಿರ್ಬೇಕು," ಎಂದೆ.

"ಹಾಗಾದ್ರೆ ಕಾಯೋಣ," ಎಂದು ಅವಳು ಒದ್ದೆ ಹುಲ್ಲಿನ ಮೇಲೆ ಕುಳಿತೇಬಿಟ್ಟಳು, ಮನೆಯ ಮೆಟ್ಟಿಲ ಮೇಲೆ ಕೂರುವವಳ ಹಾಗೆ ಕಾಲು ಚಾಚಿ. ಆಗ ಆ ಗಂಡ-ಹೆಂಡತಿಗೂ ಅರ್ಥವಾಯಿತು. ಆ ಮನುಷ್ಯ ತನ್ನ ಕೋಟು ಬಿಚ್ಚಿ ಅವಳ ಕಾಲಿಗೆ ಹೊದಿಸಿದ.

ನಾನು ಫೋನು ತೆಗೆದು ಲೋರ್ನಾಳಿಗೆ ಹಚ್ಚಿದೆ. ಅವತ್ತು ಅಳಿಸಿ ಕಳಿಸಿದ ಮೇಲೆ ಅವಳೊಡನೆ ಒಂದು ಮಾತೂ ಆಡಿರಲಿಲ್ಲ. "ಹೇಳಿ ಆಂಟಿ," ಎಂದಳು. ಎಲ್ಲಿಂದ ಶುರು ಮಾಡಲಿ? ನಿಮ್ಮಮ್ಮ ಎಲ್ಸ್‌ವಿಕ್‌ನಲ್ಲಿ, ನಮ್ಮ ಹಳೇ ಬೀದಿ ಇದ್ದ ಜಾಗದಲ್ಲಿ ಇದ್ದಾಳೆ ಎಂದಷ್ಟೇ ಹೇಳಿದೆ.

"ಯಾರ ಜೊತೆಗೇ ಮಾತು?" ಎಂದು ಮ್ಯೂರಿಯಲ್ ಕೆಳಗಿನಿಂದ ಕೇಳಿದಳು.

"ಲೋರ್ನಾ ಕಣೆ."

ಮ್ಯೂರಿಯಲ್ ನನ್ನನ್ನೇ ನೋಡಿದಳು. ಗಾಳಿಗೆ ಕೇಳಿಸದೇನೋ ಎಂದು ದನಿ ಎತ್ತರಿಸಿ, "ಯಾರೇ ಅದು ಲೋರ್ನಾ? ನಮ್ಮ ಬೀದಿಯೋಳಾ?" ಎಂದಳು.

ಫೋನಿನ ಆ ಕಡೆ ಎಲ್ಲವೂ ಕೇಳಿಸಿತು. ಲೋರ್ನಾ ಕಾರಿನ ಕೀಲಿ ಎತ್ತಿಕೊಂಡ ಸದ್ದಾಯಿತು. ಆಮೇಲೆ, "ಅವಳ ಕೈ ಹಿಡ್ಕೊಂಡಿರಿ ಆಂಟಿ, ನಾನು ಹೊರಟೆ," ಎಂದಳು.