ಹುಳುಕಿಲ್ಲದ ಹಲ್ಲು

ಎಂಬತ್ಮೂರರ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ನನ್ನ ಮಗಳು ಸುಧಾಳ ಎಡಗೆನ್ನೆ ಊದಿತ್ತು. ಅವಳಿಗಾಗ ಐದು ವರ್ಷ. ಬಾಯಿ ತೆರೆಸಿ ನೋಡಿದೆ. ದವಡೆ ಹಲ್ಲಿನ ಬುಡದಲ್ಲಿ, ವಸಡಿನ ಮೇಲೆ, ಒಂದು ಕೀವುಗುಳ್ಳೆ. ಹಲ್ಲು ಮಾತ್ರ ಬೆಳ್ಳಗಿತ್ತು. ಕಪ್ಪು ಚುಕ್ಕೆಯೂ ಇರಲಿಲ್ಲ.

"ಪೆಪ್ಪರ್‌ಮೆಂಟು ಕೊಟ್ಟೂ ಕೊಟ್ಟೂ ಹಿಂಗ್ ಮಾಡಿದೀಯ" ಎಂದರು ಅತ್ತೆ.

ನಾನು ಹೆಬ್ಬೂರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಹಲ್ಲು ಉಜ್ಜುವ ಪಾಠ ಮಾಡುವವಳು. ನನ್ನ ಬಾಯಲ್ಲಿರುವುದು ಕಟ್ಟಿಸಿದ ಹಲ್ಲಿನ ಸೆಟ್ಟು. ನನ್ನವೂ ಒಂದೊಂದಾಗಿ ಹೀಗೇ ಊದಿ, ಕೀವಾಗಿ, ಮದುವೆಗೆ ಮೊದಲೇ ಹೋಗಿದ್ದವು.

ತುಮಕೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. "ಹುಳುಕೇ ಇಲ್ವಲ್ರೀ" ಎಂದು ಅವರೂ ಆಶ್ಚರ್ಯಪಟ್ಟರು. ಹಲ್ಲು ಕಿತ್ತರು. ಸುಧಾ ಹತ್ತಿ ಕಚ್ಚಿಕೊಂಡು, ಬಸ್ಸಿನಲ್ಲಿ ಊರಿನವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಮಳೆಗಾಲದಲ್ಲಿ ಬಲಗಡೆ ಊದಿತು. ಅದನ್ನೂ ಕಿತ್ತರು. ದೀಪಾವಳಿ ಮುಗಿಯುವ ಹೊತ್ತಿಗೆ ಕೆಳಗಿನ ಮುಂಭಾಗದ ಹಲ್ಲು.

ಅದೂ ಬೆಳ್ಳಗೇ ಇತ್ತು.

"ಹಾಲುಹಲ್ಲು ತಾನೆ, ಎಲ್ಲಾನೂ ಒಂದೇ ಸಲ ಕೀಳ್ಸಿಬುಡು. ಮಗೀಗೆ ನೋವಾದ್ರೂ ತಪ್ಪತದೆ" ಎಂದರು ಅತ್ತೆ. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವತ್ತು ಬಚ್ಚಲಲ್ಲಿ ನಾನು ಸೆಟ್ಟು ತೊಳೆಯುತ್ತಿದ್ದಾಗ ಸುಧಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮ, ನಂಗೂ ಇಂಥದ್ದು ತರ್ತೀಯಾ? ಆಗ ನೋಯಲ್ಲ ಅಲ್ವಾ?"

ಆಸೆಯಿಂದ ಕೇಳಿದ್ದಳು.

ಎಲ್ಲ ಕೀಳಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಮತ್ತೆ ತುಮಕೂರಿಗೆ ಹೋದಾಗ, ಕುರ್ಚಿಯಿಂದ ಇಳಿದು ನನ್ನ ಕಡೆ ನಡೆದು ಬಂದ ಸುಧಾಳ ಕಾಲುಗಳನ್ನು ಡಾಕ್ಟರು ನೋಡಿದರು. ನಾನು ಎದ್ದಾಗ ನನ್ನ ನಡಿಗೆಯನ್ನೂ ನೋಡಿದರು. ಇಬ್ಬರದೂ ಮಂಡಿಯ ಹತ್ತಿರ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ ಕಾಲು.

"ನಿಮ್ಮನೇಲಿ ಇನ್ಯಾರಿಗಮ್ಮ ಹೀಗಿದೆ?"

"ನಮ್ಮಪ್ಪನಿಗಿತ್ತು, ತೀರ್ಕೊಂಡ್ರು. ಅಕ್ಕನಿಗಿದೆ. ಅಣ್ಣನ ಕಾಲು ನೆಟ್ಟಗಿದೆ."

"ಅಕ್ಕನ ಹಲ್ಲು?"

"ಅವಳಿಗೂ ಸೆಟ್ಟೇ ಸಾರ್."

ಕಾಲು ಮನೆತನದ ಗುರುತು, ಹಲ್ಲು ನಮ್ಮ ಹಣೆಬರಹ ಎಂದುಕೊಂಡು ಬೆಳೆದವರು ನಾವು. ಎರಡನ್ನೂ ಸೇರಿಸಿ ಯಾರೂ ಯೋಚಿಸಿರಲಿಲ್ಲ.

ಅವರು ಚೀಟಿ ಬರೆದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಕ್ಸ್‌ರೇ, ರಕ್ತ, ಮೂತ್ರ. ಇಬ್ಬರಿಗೂ. ಲೇಡಿ ಡಾಕ್ಟರೊಬ್ಬರು ಕೂರಿಸಿಕೊಂಡು ಹೇಳಿದರು: "ಇದು ರಿಕೆಟ್ಸ್. ಊಟ ಕಮ್ಮಿಯಾಗಿ ಬರೋದಲ್ಲ, ವಂಶದಲ್ಲಿ ಬರೋದು. ಫಾಸ್ಫೇಟ್ ಮೂತ್ರದಲ್ಲಿ ಹೊರಟುಹೋಗತ್ತೆ. ಮೂಳೆ, ಹಲ್ಲು ಗಟ್ಟಿಯಾಗಲ್ಲ." ಹಲ್ಲಿನ ಒಳಗೆ ನರ ಇರುವ ಜಾಗ ತುದಿಯವರೆಗೂ ಚಾಚಿಕೊಂಡಿರುತ್ತದಂತೆ. ಕಣ್ಣಿಗೆ ಕಾಣದ ಬಿರುಕಿನಿಂದ ಸೋಂಕು ಒಳಗೆ ಹೋಗುತ್ತದೆ, ಹುಳುಕು ಬೇಕಾಗಿಲ್ಲ. ತಂದೆಗಿದ್ದರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ತಾಯಿಗಿದ್ದರೆ ಹೆಣ್ಣಾಗಲಿ ಗಂಡಾಗಲಿ, ಅರ್ಧಕ್ಕರ್ಧ ಸಾಧ್ಯತೆ.

"ವಾಸಿಯಾಗತ್ತಾ ಮೇಡಂ?" ಎಂದರು ನನ್ನ ಗಂಡ.

"ಪೂರ್ತಿ ಹೋಗಲ್ಲ. ಹುಷಾರಾಗಿ ನೋಡ್ಕೋಬಹುದು."

ನೋಡಿಕೊಳ್ಳುವುದೆಂದರೆ ದಿನಕ್ಕೆ ಹಲವು ಸಲ ಫಾಸ್ಫೇಟ್ ದ್ರಾವಣ ಕುಡಿಸುವುದು. ಬಾಯಿಗಿಟ್ಟರೆ ಮುಖ ಕಿವಿಚುವಂಥ ರುಚಿ, ಮೊದಮೊದಲು ಭೇದಿ. ಜೊತೆಗೆ ವಿಟಮಿನ್ ಡಿ. ಅದು ಹೆಚ್ಚಾದರೆ ಕಿಡ್ನಿಗೆ ತೊಂದರೆ ಎಂದು ಆಗಾಗ ಬೆಂಗಳೂರಿಗೆ ಹೋಗಿ ಪರೀಕ್ಷೆ. ಸುಧಾ ನನ್ನ ಸ್ಕೂಲಿಗೇ ಸೇರಿದ್ದರಿಂದ ಬಾಟಲಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಮನೆಯಲ್ಲಿ ಕುಡಿಸುವ ಕೆಲಸ ಅತ್ತೆ ತಾವಾಗಿ ವಹಿಸಿಕೊಂಡರು. "ಕಣ್ಮುಚ್ಕೊಂಡು ಗುಟುಕ್ ಅನ್ಸು ನನ್ ಕಂದ" ಎನ್ನುತ್ತಾರೆ. ಪೆಪ್ಪರ್‌ಮೆಂಟಿನ ಮಾತು ಆಮೇಲೆ ಬಂದಿಲ್ಲ.

ಹೊಸ ದವಡೆ ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಕರೆತರಲು ತುಮಕೂರಿನ ಡಾಕ್ಟರು ಹೇಳಿದ್ದರು. ಬಂದ ದವಡೆ ಹಲ್ಲಿಗೆಲ್ಲ ಸ್ಟೀಲಿನ ಕ್ಯಾಪ್ ಹಾಕಿದ್ದಾರೆ. ನಕ್ಕರೆ ಹೊಳೆಯುತ್ತದೆ. ಮುಂಭಾಗದ ಹಲ್ಲುಗಳಿಗೆ ಏನು ಮಾಡುವುದೋ ಅವರಿಗೂ ಖಚಿತವಿಲ್ಲ. ಸುಧಾಳಿಗೀಗ ಏಳು. ಈ ವರ್ಷ ಒಂದು ಸಲ ಮಾತ್ರ ಊದಿತು. ಕಾಲು ಇನ್ನಷ್ಟು ಬಾಗಿಲ್ಲ. ಸದ್ಯಕ್ಕೆ ಇಷ್ಟು.

ಹೋದ ತಿಂಗಳು ತವರೂರು ಸಿ.ಎಸ್. ಪುರಕ್ಕೆ ಹೋಗಿ ಇದನ್ನೆಲ್ಲ ನಮ್ಮವ್ವನಿಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಂತಿತು.

"ಇದಕ್ಕೊಂದು ಹೆಸ್ರೈತಾ?"

"ಐತೆ ಕಣವ್ವ."

"ಹೊಲ್ದಲ್ಲಿ ಕೆಲ್ಸ ಇತ್ತು. ನಿನ್ನೂ ನಿಮ್ಮಕ್ಕನ್ನೂ ಕಂಕುಳಿಂದ ಬೇಗ ಇಳಿಸ್ಬುಟ್ಟೆ. ಎಳೇ ಕಾಲು, ಅದ್ಕೇ ಬಗ್ಗೋದ್ವು ಅನ್ಕಂಡಿದ್ದೆ."

ಇಷ್ಟು ವರ್ಷ ಯಾರಿಗೂ ಹೇಳದ ಮಾತು ಅದು.

"ಅಲ್ಲವ್ವ. ಅದು ಅಪ್ಪನಿಂದ ಬಂದಿದ್ದು. ಅಪ್ಪಂಗೂ ಗೊತ್ತಿರ್ಲಿಲ್ಲ. ನೀನೇನೂ ಮಾಡಿಲ್ಲ."

"ಇನ್ನೊಂದ್ಸಲ ಹೇಳು" ಎಂದರು ಅವ್ವ.

ಹೇಳಿದೆ.