ಮಸ್ಕತ್, ಹುಬ್ಬಳ್ಳಿ ಮತ್ತು ಎಲೆ ಕಾಕಾ

ಹಿರೇಕೆರೂರಿನ ಮದುವೆಯಿಂದ ಬಂದ ಮೇಲೆ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ಗೆ ಹೊದಿಸಲು ಪೆಟ್ಟಿಗೆಯಿಂದ ಹಳೆಯ ಹತ್ತಿ ಬಟ್ಟೆಯೊಂದನ್ನು ತೆಗೆದೆ. ತೊಳೆದಿಟ್ಟದ್ದೇ. ಆದರೂ ಮಡಿಕೆ ಬಿಡಿಸಿದೊಡನೆ ವೀಳ್ಯದೆಲೆಯ ವಾಸನೆ ಬಂತು... ಅದು ಎಲೆ ಕಾಕಾ ಅವರ ಬಟ್ಟೆ.

ಕಾಕಾ ಸವಣೂರಿನಲ್ಲಿ ನಮ್ಮ ಎದುರು ಮನೆಯವರು. ಪೇಟೆಯಲ್ಲಿ ಎಲೆ ಮಾರುತ್ತಿದ್ದರು. ಅವರ ಹೆಗಲ ಮೇಲೆ ಸದಾ ಒಂದು ಒದ್ದೆ ಬಟ್ಟೆ. ಎಲೆ ಬಾಡಬಾರದೆಂದು ಅದನ್ನು ಕಟ್ಟುಗಳ ಮೇಲೆ ಹೊದಿಸುತ್ತಿದ್ದರು. ಇಂಥವರ ಮನೆಯಲ್ಲಿ ಡಿಜೆಗಳ ಟರ್ನ್‌ಟೇಬಲ್ ಇದ್ದದ್ದು ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ಅವರ ಭಾವನಿಂದ. ಆತ ರಜೆಗೆ ಬಂದಾಗ ತಂದು ಇಲ್ಲೇ ಬಿಟ್ಟು ಹೋಗಿದ್ದ. ನಾನು ಕಾಲೇಜು ಮುಗಿಸಿದ ವರ್ಷ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡೆ. ಎರಡೂ ಬೇರೆ ಬೇರೆ ಕಂಪನಿಯವು, ಆದರೆ ನಮ್ಮ ಓಣಿಯಲ್ಲಿ ಕಂಪನಿಯ ಹೆಸರು ಯಾರಿಗೂ ಬೇಕಿರಲಿಲ್ಲ. ಅವರದು ಮಸ್ಕತ್, ನನ್ನದು ಹುಬ್ಬಳ್ಳಿ.

ಯಾವುದು ಮೇಲು ಎಂಬ ವಾದ ಅವತ್ತಿನಿಂದಲೇ ಶುರುವಾಯಿತು. ನನ್ನ ಡೈರಿಯಲ್ಲಿ ಎರಡು ಕಾಲಂ ಹಾಕಿ ಒಂದೊಂದೇ ಗುಣ ಬರೆದುಕೊಳ್ಳುತ್ತಿದ್ದೆ. ಮಸ್ಕತ್‌ನ ತಟ್ಟೆ ನೇರವಾಗಿ ಮೋಟರಿನ ಮೇಲೆ ಕುಳಿತಿತ್ತು. ಬೆರಳಿನಿಂದ ತಡೆದು ಬಿಟ್ಟರೆ ಆ ಕ್ಷಣವೇ ಮೊದಲಿನ ವೇಗಕ್ಕೆ ಬರುತ್ತಿತ್ತು. ಹುಬ್ಬಳ್ಳಿಯದನ್ನು ತಿರುಗಿಸುತ್ತಿದ್ದುದು ರಬ್ಬರ್ ಬೆಲ್ಟ್. ತಡೆದು ಬಿಟ್ಟರೆ ತಡವರಿಸಿ ಎದ್ದೇಳುತ್ತಿತ್ತು. ಸ್ಕ್ರ್ಯಾಚ್ ಮಾಡುವಾಗ, ಅಂದರೆ ರೆಕಾರ್ಡನ್ನು ಬೆರಳಿನಿಂದ ಹಿಂದೆ ಮುಂದೆ ತಿಕ್ಕಿ ಸದ್ದು ಹೊರಡಿಸುವಾಗ, ಅದು ದೊಡ್ಡ ಕೊರತೆಯೇ. ಆದರೆ ರಸ್ತೆಯಲ್ಲಿ ಲಾರಿ ಹೋದರೆ ಸೂಜಿ ಜಿಗಿಯುತ್ತಿದ್ದುದು ಮಸ್ಕತ್‌ನಲ್ಲಿ. ಹುಬ್ಬಳ್ಳಿ ಅಲುಗುತ್ತಿರಲಿಲ್ಲ.

ತಿರುಗುವ ತಟ್ಟೆಗೆ ಕಾಕಾ ಎಲೆ ಅಡಿಕೆಯ ತಬಕು ಎಂದೇ ಹೇಳುತ್ತಿದ್ದರು. “ನಿನ್ನ ತಬಕು ಮುಂಜಾನೆ ಏಳೋ ಹುಡುಗರ ಹಂಗ ಐತಿ ಯವ್ವಾ. ಏಳು ಅಂದ್ರ ಮೊದಲ ಮೈ ಮುರೀತೈತಿ.”

“ನಿಮ್ಮದು ಲಾರಿ ಸಪ್ಪಳಕ್ಕ ಹೆದರಿ ಹಾರತೈತಲ್ರಿ ಕಾಕಾ?”

“ಅದು ಚುರುಕ್ ಐತಿ, ಅದಕ್ಕ ಹಾರತೈತಿ. ಯಾವುದು ಗೆದ್ದೈತಿ ಅಂತ ಬರಿ ಮತ್ತ.”

ಡೈರಿಯ ಕಾಲಂಗಳ ಕೆಳಗೆ, ಗೆದ್ದದ್ದರ ಹೆಸರು ಬರೆಯುವ ಸಾಲನ್ನು ನಾನು ಖಾಲಿ ಬಿಟ್ಟಿದ್ದೆ. ಒಂದು ಸಮಾರಂಭದಲ್ಲಿ ಎರಡನ್ನೂ ನುಡಿಸಿ ನೋಡದೆ ತೀರ್ಪು ಬರೆಯುವ ಮನಸ್ಸಿರಲಿಲ್ಲ.

ಆ ಅವಕಾಶ ಶಿಗ್ಗಾಂವಿಯಲ್ಲಿ ಬಂತು. ಹಾನಗಲ್ಲಿನ ಸೌಂಡ್ ಸಿಸ್ಟಮ್ ಮಾಲೀಕರೊಬ್ಬರು ತಮ್ಮ ತಂಡಕ್ಕೆ ಡಿಜೆ ಹುಡುಕುತ್ತಿದ್ದರು. ನಮ್ಮ ಕಡೆ ಡಿಜೆ ಎಂದರೆ ಲ್ಯಾಪ್‌ಟಾಪು. ಆದರೆ ತಟ್ಟೆ ತಿರುಗುವುದು ಕಣ್ಣಿಗೆ ಕಂಡರೆ ಜನ ನಿಂತು ನೋಡುತ್ತಾರೆ ಎಂಬುದು ಅವರ ಲೆಕ್ಕ. ಒಂದು ಮದುವೆಯ ಊಟದ ಹೊತ್ತಿಗೆ, ಹಾಡಿನಿಂದ ಹಾಡಿಗೆ ನಡುವೆ ನಿಲ್ಲದಂತೆ ಮಿಕ್ಸ್ ಮಾಡಿ ನುಡಿಸಬೇಕು. ನುಡಿಸಿದರೆ ಕೆಲಸ ಖಾಯಂ. ಮನೆಯಲ್ಲಿ ಅಪ್ಪ, ಇದು ಕೈಗೂಡದಿದ್ದರೆ ಹುಬ್ಬಳ್ಳಿಯನ್ನು ಮಾರಿ ಬಿ.ಎಡ್. ಸೇರು ಎಂದಿದ್ದರು. ಮಿಕ್ಸ್ ಮಾಡಲು ಎರಡು ಟರ್ನ್‌ಟೇಬಲ್ ಬೇಕೇ ಬೇಕು. ಒಂದರಲ್ಲಿ ಹಾಡು ಮುಗಿಯುವ ಮೊದಲೇ ಇನ್ನೊಂದರಲ್ಲಿ ಅದೇ ತಾಳಕ್ಕೆ ಮುಂದಿನದು ಏಳಬೇಕು. ಕಾಕಾ ಮಸ್ಕತ್ ಕೊಡಲು ಒಪ್ಪಿದರು. ಆದರೆ ಅದರ ಜೊತೆಗೆ ತಾವೂ ಬರುವವರೇ.

ಬಿರುಬೇಸಿಗೆ. ಶಾಮಿಯಾನದ ಅಂಚಿನಲ್ಲಿ ನಮ್ಮ ಮೇಜು. ಮೊದಲ ಕೆಲವು ಹಾಡು ಒಂದರೊಳಗೊಂದು ಸೇರಿ ಹೋದವು. ಹುಬ್ಬಳ್ಳಿಯಲ್ಲಿ ಒಂದು ಹಾಡು ನಡೆಯುತ್ತಿದ್ದಾಗ ಮುಂದಿನ ರೆಕಾರ್ಡ್ ಹುಡುಕಲು ಪೆಟ್ಟಿಗೆಗೆ ಬಗ್ಗಿದೆ. ತಿರುಗಿ ನೋಡಿದರೆ ಮಸ್ಕತ್‌ನ ಮೇಲೆ ಒದ್ದೆ ಬಟ್ಟೆ.

ಬಿಸಿಲಿಗೆ ಅದರ ಮೈ ಸುಡುತ್ತಿದ್ದುದನ್ನು ಮುಟ್ಟಿ ನೋಡಿದ್ದ ಕಾಕಾ, ಎಲೆಗೆ ಮಾಡುವುದನ್ನೇ ಅದಕ್ಕೂ ಮಾಡಿದ್ದರು. ಬಟ್ಟೆ ಎತ್ತಿದೆ. ವೇಗ ಹೊಂದಿಸುವ ಗುಂಡಿಯ ಸೀಳಿನೊಳಗೆ ನೀರು ಇಳಿದಿತ್ತು. ಸ್ವಿಚ್ ಒತ್ತಿದರೆ ತಟ್ಟೆ ತಿರುಗಲಿಲ್ಲ.

ಕಾಕಾ ನನ್ನ ಮುಖ ನೋಡಿದರು. “ಬಾಡತೈತಿ ಅಂದ್ಕೊಂಡ್ನೆವ್ವಾ...” ಎಂದಷ್ಟೇ ಹೇಳಿದರು.

ಹಾಡು ಮುಗಿಯಿತು. ಒಂದೇ ಟರ್ನ್‌ಟೇಬಲ್, ರೆಕಾರ್ಡ್ ಬದಲಿಸುವ ತನಕ ಮೌನ. ಮಾಲೀಕರು ಕುರ್ಚಿಯಿಂದ ಎದ್ದು ನಮ್ಮ ಕಡೆ ಬರತೊಡಗಿದರು. ಕಾಕಾ ಮೈಕ್ ಕೈಗೆತ್ತಿಕೊಂಡರು. ಪೇಟೆಯಲ್ಲಿ ಎಲೆ ಕೂಗಿ ಕೂಗಿ ಪಳಗಿದ ದನಿ.

“ಎರಡನೇ ಪಂಕ್ತಿಯವರು ಗಡಿಬಿಡಿ ಮಾಡಬ್ಯಾಡ್ರಿ! ಮಾದಲಿ ಬರಾಕತ್ತೈತಿ, ಹಿಂದ ತುಪ್ಪಾನೂ ಬರಾಕತ್ತೈತಿ. ಬೀಗರ, ನಾಚ್ಕೋಬ್ಯಾಡ್ರಿ, ನೀವು ನಾಚ್ಕೊಂಡ್ರ ಬಾಜೂದವರು ನಿಮ್ಮ ಪಾಲೂ ತಿಂತಾರ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಷ್ಟರಲ್ಲಿ ನಾನು ಸೂಜಿ ಇಳಿಸಿದ್ದೆ. ಅಲ್ಲಿಂದ ಮುಂದೆ ಪ್ರತಿ ಹಾಡಿನ ನಡುವೆಯೂ ಇದೇ ಏರ್ಪಾಡು. ನಡುವೆ ಧೈರ್ಯ ಮಾಡಿ ಸ್ಕ್ರ್ಯಾಚ್ ಮಾಡಿದೆ. ಬೆಲ್ಟು ತಡವರಿಸಿ ಹಾಡು ಎಳೆದಂತಾಯಿತು. ಕೂಡಲೇ ಮೈಕ್‌ನಲ್ಲಿ ಕಾಕಾ: “ಮಷಿನ್ ಕೆಟ್ಟಿಲ್ರಿ, ನಮ್ಮ ಹುಡುಗಿ ಬೇಕಂತಲೇ ಕೆರ್ಯಾಕತ್ತಾಳ!”

ಕೊನೆಗೆ ಮಾಲೀಕರು ನನಗಿಂತ ಮೊದಲು ಕಾಕಾ ಕಡೆ ತಿರುಗಿದರು. “ಮುಂದಿನ ಲಗ್ನಕ್ಕ ಇಬ್ಬರೂ ಬರ್ರಿ. ಒಂದ ಮಷಿನ್ ಸಾಕು.”

ಹಾಗೆ ಹಾನಗಲ್, ಹತ್ತಿಮತ್ತೂರು, ಹಿರೇಕೆರೂರು... ಎಷ್ಟೋ ಮದುವೆಗಳಿಗೆ ಜೊತೆಯಾಗಿ ಹೋದೆವು. ಮಸ್ಕತ್ ಕಾಕಾ ಮನೆಯ ಗೋಡೆಯ ಮಾಡದಲ್ಲೇ ಉಳಿಯಿತು. ರಿಪೇರಿಗೆ ಕೊಡೋಣ ಎಂದಾಗಲೆಲ್ಲ ನಗುತ್ತಿದ್ದರು. “ಅದು ರಿಪೇರಿ ಆತಂದ್ರ ನನಗೇನ್ ಕೆಲಸ ಐತೆವ್ವಾ ಅಲ್ಲಿ?” ತಮಾಷೆ ಎಂದುಕೊಂಡಿದ್ದೆ. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಕೆಲವು ದಿನ ಬಿಟ್ಟು ಕಾಕಿ ಮಸ್ಕತ್ ಅನ್ನು ಅದೇ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಹುಬ್ಬಳ್ಳಿಯಲ್ಲಿ ಬಿಚ್ಚಿಸಿ ಸರಿ ಮಾಡಿಸಿದೆ. ದೊಡ್ಡ ಕೆಲಸವೇನೂ ಇರಲಿಲ್ಲ, ಒಂದೇ ದಿನದಲ್ಲಿ ಆಯಿತು.

ಈ ಸಲ ಹಿರೇಕೆರೂರಿನಲ್ಲಿ ಎರಡನ್ನೂ ಇಟ್ಟು ನುಡಿಸಿದೆ. ಲಾರಿಗಳು ಓಡಾಡುವ ರಸ್ತೆ ದೂರವಿತ್ತು, ಮಸ್ಕತ್‌ನ ಸೂಜಿ ಒಮ್ಮೆಯೂ ಜಿಗಿಯಲಿಲ್ಲ. ಸ್ಕ್ರ್ಯಾಚ್ ಸ್ವಚ್ಛವಾಗಿ ಬಂತು. ಮನೆಗೆ ಬಂದು ಡೈರಿಯ ಹಳೆಯ ಪುಟ ತೆರೆದು, ಖಾಲಿ ಬಿಟ್ಟಿದ್ದ ಸಾಲಿನಲ್ಲಿ ‘ಮಸ್ಕತ್’ ಎಂದು ಬರೆದೆ. ಕಾಕಾ ಕೇಳಿದ್ದು ಅದನ್ನೇ.

ಆ ಮದುವೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಡು ಎಲ್ಲಿಯೂ ನಿಲ್ಲಲಿಲ್ಲ, ಮೈಕ್ ಹಿಡಿದು ಮಾತಾಡಲು ಎಡೆಯೇ ಇರಲಿಲ್ಲ. ಎರಡನೇ ಪಂಕ್ತಿ ಕುಳಿತಿತು, ಮಾದಲಿ ಬಂತು, ಹಿಂದೆ ತುಪ್ಪವೂ ಬಂತು. ಜನ ತಲೆ ತಗ್ಗಿಸಿ ಊಟ ಮಾಡಿ ಎದ್ದು ಹೋದರು.