ಹಾರ್ನಿನ ಬಾಯಲ್ಲಿದ್ದ ಮೈಕು

ಜೋಯಿ, ನೀನು ಮೈಕು ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು — ನೀನು ಬೊಂಬಾಯಿಗೆ ಹೊರಡುವ ಮೊದಲೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಇಂದು ನಿನ್ನ ರಾಕ್ ಸಂಗೀತ ಕೇಳಲು ಮೈದಾನ ತುಂಬುತ್ತದಂತೆ. ಇಲ್ಲಿ ಉಪ್ಪಿನಂಗಡಿಯ ಹೋಟೆಲಿನಲ್ಲಿ ಜನ ನನ್ನನ್ನು ತೋರಿಸಿ, "ಅವನಿಗೆ ಮೊದಲು ಮೈಕ್ ಕೊಟ್ಟದ್ದೇ ನಮ್ಮ ಶೀನಣ್ಣ ಮಾರಾಯ್ರೆ" ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ನಾಚಿಕೆಗೇಡು.

ಅರುವತ್ತರ ದಶಕ. ನನ್ನದು ಬಾಡಿಗೆಯ ಮೈಕ್‌ಸೆಟ್ಟು. ನೀನು ನೆಲ್ಯಾಡಿಯವನು, ಇಗರ್ಜಿಯಲ್ಲಿ ಗಿಟಾರು ಕಲಿತು ನನ್ನೊಡನೆ ಮದುವೆಮನೆಗಳಿಗೆ ಬರುತ್ತಿದ್ದೆ. ಒಮ್ಮೆ ಹಾಳಾದ ಟೆಲಿಫೋನಿನ ಅಯಸ್ಕಾಂತವನ್ನು ಅದರ ತಂತಿಸುರುಳಿಯ ಸಮೇತ ಕಿತ್ತು ಗಿಟಾರಿನ ತಂತಿಗಳ ಕೆಳಗೆ ಕೂರಿಸಿ, ಅದರ ವಯರನ್ನು ನನ್ನ ಆಂಪ್ಲಿಫಯರಿಗೆ ಸಿಕ್ಕಿಸಿದೆ. ಎದ್ದ ಕಿರುಚಾಟಕ್ಕೆ ವರನ ಅಜ್ಜಿ ಎಲೆ ಬಿಟ್ಟು ಎದ್ದಿದ್ದರು. ನೀನು ನಗುತ್ತಿದ್ದೆ. ನನಗೆ ಅಂದಿನಿಂದಲೇ ಸಂಶಯ — ಇವನ ಕಣ್ಣು ನನ್ನ ಸಾಮಾನಿನ ಮೇಲಿದೆ.

ಮಳೆ ಹಿಡಿಯುವ ಮುಂಚಿನ ಕೊನೆಯ ಮದುವೆ ಕೋಡಿಂಬಾಳದಲ್ಲಿ. ಮನೆಗೆ ಬಂದು ನೋಡಿದರೆ ಮೈಕು ಇಲ್ಲ. ಮೈಕಿನೊಳಗೂ ಅಯಸ್ಕಾಂತ ಇರುತ್ತದೆ — ಬೇರೆ ಯಾರಿಗೆ ಬೇಕು ಅದು?

"ಎಂತ ಜೋಯಿ, ಬಿಚ್ಚಿ ಆಯ್ತಾ?" ಎಂದೆ.

"ದೇವರಾಣೆ ಶೀನಣ್ಣ, ನಾನು ಮುಟ್ಟಲೇ ಇಲ್ಲ."

ನಿನ್ನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಅಷ್ಟೇ ಸಾಕಾಯಿತು ನನಗೆ. ಊರ ದೈವದ ಗುಡಿಯಲ್ಲಿ, ಜನರ ಮುಂದೆ ದೂರಿಟ್ಟೆ: ತೆಗೆದವನ ಕೈ ಬಿದ್ದುಹೋಗಲಿ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಮ್ಮ ಕಡೆ ದೈವದ ಮುಂದಿಟ್ಟ ಮಾತಿಗೆ ಎಲ್ಲ ಮತದವರೂ ಹೆದರುತ್ತಾರೆ. ನಿನ್ನ ಅಮ್ಮ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದರು. ಯಾರಿಗೂ ತಿಳಿಯದಂತೆ ದೈವಕ್ಕೂ ತೆಂಗಿನಕಾಯಿ ಕಳಿಸಿದರು. ನಿನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡುತ್ತಿದ್ದರಂತೆ. ನೀನು ಗಿಟಾರು ಎತ್ತಿದರೆ ಅಳುತ್ತಿದ್ದರಂತೆ. ಮದುವೆಗೆ ನಿನ್ನನ್ನು ಕರೆಯುವವರೂ ಇಲ್ಲವಾದರು.

ಮಳೆ ಬಿಟ್ಟ ಮೇಲೆ ಅಟ್ಟದಿಂದ ಹಾರ್ನು, ಮೈಕ್‌ಸೆಟ್ಟಿನ ಅಗಲ ಬಾಯಿಯ ಸ್ಪೀಕರು, ಇಳಿಸಿದೆ. ಇಲಿ ಗೂಡು ಕಟ್ಟದಿರಲೆಂದು ಮಳೆಗಾಲದಲ್ಲಿ ಅದರ ಬಾಯಿಗೆ ಗೋಣಿ ತುರುಕುವುದು ನನ್ನ ಕ್ರಮ. ಗೋಣಿ ಎಳೆದೆ — ಮಡಿಕೆಯೊಳಗೆ ಮೈಕು. ಕೋಡಿಂಬಾಳದಿಂದ ಜೀಪು ಹೊರಡುವ ಗಡಿಬಿಡಿಯಲ್ಲಿ ನಾನೇ ಆ ಗೋಣಿಯಲ್ಲಿ ಸುತ್ತಿಟ್ಟದ್ದು. ಮರೆತು ಗೋಣಿಯ ಸಮೇತ ತುರುಕಿದ್ದೆ.

ದೂರು ಸುಳ್ಳಾದರೆ ಅದೇ ಗುಡಿಯಲ್ಲಿ, ಅದೇ ಜನರೆದುರು ತಪ್ಪುಕಾಣಿಕೆ ಇಟ್ಟು ಒಪ್ಪಿಕೊಳ್ಳಬೇಕು. ನಾಳೆ ಹೋಗೋಣ ಎಂದುಕೊಂಡೆ. ಜನ ನಕ್ಕಾರು, ಬಾಡಿಗೆಗೆ ಕರೆಯಲಿಕ್ಕಿಲ್ಲ... ಅಷ್ಟರಲ್ಲಿ ನೀನೇ ಬಂದೆ, ಬೊಂಬಾಯಿಗೆ ಹೊರಟುನಿಂತು, ಕೈಯಲ್ಲಿ ಚೀಲ ಹಿಡಿದು.

"ಶೀನಣ್ಣ, ಮೈಕ್ ಸಿಕ್ಕಿತಾ?"

ಮೈಕು ನನ್ನ ಬೆನ್ನ ಹಿಂದಿನ ಪೆಟ್ಟಿಗೆಯಲ್ಲಿತ್ತು. "ಇಲ್ಲ" ಎಂದೆ.

"ಸಿಕ್ಕಿದ್ರೆ ಅಮ್ಮನಿಗೆ ಒಂದು ಮಾತು ಹೇಳಿ ಆಯ್ತಾ. ನಾನು ಹೇಳಿದ್ರೆ ಅವರು ನಂಬುದಿಲ್ಲ."

ನೀನು ಪೆಟ್ಟಿಗೆಯ ಕಡೆ ನೋಡಿದೆಯಾ? ಈಗಲೂ ಸಂಶಯ. ಗೊತ್ತಿದ್ದೇ ಕೇಳಿದೆಯಾ, ನನಗೊಂದು ದಾರಿ ಬಿಟ್ಟುಕೊಡಲು? ಇನ್ನೊಂದು ಸಂಶಯ ನನ್ನ ಮೇಲೆಯೇ — ನೀನು ಬಾರಿಸುವಾಗ ಊಟ ಬಿಟ್ಟು ಕೇಳುತ್ತಿದ್ದ ಹುಡುಗರನ್ನು ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಮೈಕು ಬರಿಯ ನೆಪವಾಗಿತ್ತೇ? ಹೌದು ಎನ್ನಲು ಈಗ ಹಿಂಜರಿಕೆಯಿಲ್ಲ.

ನಿನ್ನ ಅಮ್ಮನಿಗೆ ಹೇಳಲಿಲ್ಲ. ಎಷ್ಟೋ ಸಲ ನೆಲ್ಯಾಡಿಯಲ್ಲಿ ಬಸ್ಸಿಳಿದು, ಚಹಾ ಕುಡಿದು, ಹಿಂದಿರುಗಿದ್ದೇನೆ. ನೀನು ಬೊಂಬಾಯಿಯಿಂದ ಕಳಿಸಿದ್ದೂ ಕಳವಿನದೇ ಎಂದು ಅವರು ಮುಟ್ಟಲು ಹೆದರುತ್ತಿದ್ದರಂತೆ. ಮಗ ಕಳ್ಳನೆಂದೇ ನಂಬಿ ತೀರಿಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಹೋದದ್ದು ನನ್ನ ಮಾನವೂ ಅಲ್ಲ, ನಿನ್ನದು.

ಬರುವ ಸಂಕ್ರಮಣಕ್ಕೆ ಗುಡಿಗೆ ಹೋಗುತ್ತೇನೆ. ಕಾಣಿಕೆ ಇಟ್ಟು ನಿನ್ನ ಹೆಸರನ್ನೂ ನನ್ನ ಸುಳ್ಳನ್ನೂ ಗಟ್ಟಿಯಾಗಿ ಹೇಳುತ್ತೇನೆ. ಊರು ಕೇಳಿಸಿಕೊಳ್ಳುತ್ತದೆ, ಜೋಯಿ. ಕೇಳಬೇಕಾಗಿದ್ದವರು ಒಬ್ಬರೇ, ಅವರಿಲ್ಲ.